ಅತ್ತೆ ಮುಚ್ಚಿದೆ, ಸೊಸೆ ಬಿಟ್ಟೆ

ಮಾರ್ಚ್ 3

ಮಾಹಿತಿ ಅಧಿಕಾರಿಗಳಿಗೆ,
ನಗರಸಭೆ ಕಚೇರಿ.

ಮಾನ್ಯರೇ,

ಮಾಹಿತಿ ಹಕ್ಕಿನ ಕಾಯ್ದೆಯ ಪ್ರಕಾರ ನನಗೆ ಒಂದು ದಾಖಲೆಯ ದೃಢೀಕೃತ ನಕಲು ಬೇಕು. ಹಳೆಯ ಪಂಪ್‌ಹೌಸಿನ ದಿನವಹಿ, ಹನ್ನೊಂದು ವರ್ಷದ ಹಿಂದಿನದು. ಕೆಳಬೀದಿಯ ನಲ್ಲಿಗಳಲ್ಲಿ ಕೊಳೆನೀರು ಬಂದ ದಿನದ ಪುಟ. ಅಂದು ಪಾಳಿಯಲ್ಲಿದ್ದ ನೀರು ಬಿಡುವ ನೌಕರ ನನ್ನ ತಂದೆ. ಅದೇ ಪುಟದ ಆಧಾರದ ಮೇಲೆ ಅವರನ್ನು ಕೆಲಸದಿಂದ ತೆಗೆದಿರಿ.

ಅರ್ಜಿ ಇಲ್ಲಿಗೆ ಮುಗಿಯಿತು. ಮುಂದಿನದನ್ನು ಕಡತಕ್ಕೆ ಸೇರಿಸಬೇಕಾಗಿಲ್ಲ.

ತಮ್ಮಾ, ರಸ್ತೆಯ ಈಚೆ ನನ್ನ ಜೆರಾಕ್ಸ್ ಅಂಗಡಿ, ಆಚೆ ನಿನ್ನ ಕಚೇರಿ. ನಡುವೆ ನಲವತ್ತು ಹೆಜ್ಜೆ. ಅಮ್ಮ ಹೋದಾಗಿನಿಂದ, ಅಂದರೆ ಒಂಬತ್ತು ವರ್ಷದಿಂದ, ನೀನು ಈ ಕಡೆ ಬಂದಿಲ್ಲ, ನಾನೂ ಕರೆದಿಲ್ಲ. ಈಗ ಕಾಯ್ದೆ ಇದೆ, ಮೂವತ್ತು ದಿನದೊಳಗೆ ನೀನು ನನಗೆ ಉತ್ತರ ಬರೆಯಲೇಬೇಕು.

ಮೊನ್ನೆ ನಿಮ್ಮ ಗುಮಾಸ್ತ ಒಂದು ಪಟ್ಟಿ ತಂದು ಆರು ಪ್ರತಿ ಮಾಡಿಕೊಡಿ ಅಂದ. ನಿಮ್ಮ ಯಂತ್ರ ಕೆಟ್ಟು ಕೂತಿದೆಯಂತೆ. ನಾನು ಏಳು ಮಾಡಿದೆ. ತಲೆಬರಹ 'ನಾಶಪಡಿಸಬೇಕಾದ ದಾಖಲೆಗಳು', ಕೆಳಗೆ ನಿನ್ನ ಸಹಿ. ನಲವತ್ತೊಂದನೆಯ ಸಾಲಿನಲ್ಲಿ ಅಪ್ಪನ ದಿನವಹಿ. ಜೂನ್ ಮೂವತ್ತಕ್ಕೆ ಅದನ್ನು ಸುಡುತ್ತೀರಿ.

ಆ ಕೊಳೆನೀರು ಕುಡಿಸಿ ಅಪ್ಪ ಒಂದು ಮಗುವನ್ನೂ ಒಬ್ಬ ಮುದುಕಿಯನ್ನೂ ಕೊಂದರು ಅಂತ ಈ ಊರು ನಂಬಿದೆ. ಅಮ್ಮ ಹಾಗೆ ನಂಬಿಕೊಂಡೇ ಕಣ್ಣು ಮುಚ್ಚಿದಳು. ಅಪ್ಪನೂ ನಂಬಿದ್ದಾರೆ. ನಿಜವೋ ಸುಳ್ಳೋ, ಆ ಪುಸ್ತಕ ಬೂದಿಯಾಗುವ ಮೊದಲು ಅದನ್ನು ನಾನು ಕಣ್ಣಾರೆ ನೋಡಬೇಕು.

ಅರ್ಜಿದಾರಳು
(ಅಕ್ಕ ಅಂತ ಸಹಿ ಮಾಡಿದರೆ ಅರ್ಜಿ ಕ್ರಮಬದ್ಧವಾಗಿಲ್ಲ ಅಂದೀಯ)


ಮಾರ್ಚ್ 31

ಅರ್ಜಿದಾರರಿಗೆ,

ತಾವು ಕೋರಿರುವ ದಾಖಲೆಯು ಮೂರನೆಯ ವ್ಯಕ್ತಿಯೊಬ್ಬರ ಮೇಲಿನ ಶಿಸ್ತುಕ್ರಮಕ್ಕೆ ಸಂಬಂಧಿಸಿದ್ದು, ಸದರಿಯವರ ಲಿಖಿತ ಒಪ್ಪಿಗೆ ಇಲ್ಲದೆ ಒದಗಿಸಲು ಬರುವುದಿಲ್ಲ ಎಂದು ತಿಳಿಸಲಾಗಿದೆ.

ಮಾಹಿತಿ ಅಧಿಕಾರಿ

(ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)
ಅಕ್ಕ, ಕೆದಕಬೇಡ. ಅಪ್ಪ ಈಗ ನೆಮ್ಮದಿಯಾಗಿದ್ದಾರೆ ಅಂತ ಕೇಳಿದ್ದೇನೆ. ಹಾಗೇ ಇರಲಿ ಬಿಡು.


ಏಪ್ರಿಲ್ 2

ಸಾಹೇಬರೇ,

ಮೂರನೆಯ ವ್ಯಕ್ತಿ! ಹೆತ್ತ ಅಪ್ಪನಿಗೆ ಈ ಹೆಸರು ಹುಡುಕುವುದಕ್ಕೆ ಇಪ್ಪತ್ತೆಂಟು ದಿನ ತೆಗೆದುಕೊಂಡಿದ್ದೀಯ. ಮೊದಲೆರಡು ವ್ಯಕ್ತಿಗಳು ಯಾರು, ನೀನೂ ನಿನ್ನ ಕುರ್ಚಿಯೂ?

ನೆಮ್ಮದಿಯ ವಿಚಾರ ಕೇಳಿದ್ದೀಯಲ್ಲ, ಹೇಳುತ್ತೇನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಗದದ ಬಂಡಲುಗಳ ಪಕ್ಕ ಅವರ ಮಂಚ. ಯಾರಾದರೂ ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದರೆ ನಡುಬಾಗಿಲು ಮುಚ್ಚಿಕೊಳ್ಳುತ್ತಾರೆ. ಕುಡಿಯುವ ನೀರನ್ನು ಮೊದಲು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದು ನೋಡುತ್ತಾರೆ. ನನಗೆ ಅಂತ ಒಂದು ಲೋಟ ನೀರು ತಂದುಕೊಡು ಅಂದರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಡುತ್ತಾರೆ. ಇದು ನಿನ್ನ ನೆಮ್ಮದಿ.

ಒಪ್ಪಿಗೆ ಪತ್ರ ಮುಂದಿಟ್ಟೆ. ಸಹಿ ಹಾಕಲಿಲ್ಲ. "ನಾನೇ ತಿರುಗಿಸಿದ್ದು ಅಂತ ಪುಸ್ತಕ ಹೇಳ್ತಲ್ಲಮ್ಮ. ಪುಸ್ತಕ ಬರೆದೋನು ನಾನೇ. ಅದ್ಯಾಕೆ ಸುಳ್ಳು ಹೇಳುತ್ತೆ? ಇನ್ನೊಂದ್ ಸಲ ಅದನ್ನ ಓದಿಸ್ಬೇಡ ನಂಗೆ" ಅಂದರು.

ಆದ್ದರಿಂದ ಒಪ್ಪಿಗೆ ಇಲ್ಲ. ಬೇಕಾಗಿಯೂ ಇಲ್ಲ. ದಿನವಹಿ ನೀರಿನದು, ಅಪ್ಪನದಲ್ಲ. ಆ ನೀರನ್ನು ಊರೆಲ್ಲ ಕುಡಿದಿದೆ, ನಾನೂ ಕುಡಿದಿದ್ದೇನೆ, ನೀನೂ ಕುಡಿದಿದ್ದೀಯ. ಯಾವ ನಲ್ಲಿಗೆ ಯಾವ ನೀರು ಬಿಟ್ಟರು ಅನ್ನುವುದು ಯಾರ ಖಾಸಗಿ ವಿಚಾರ, ಯಾವ ಕಲಮಿನಲ್ಲಿ ಹಾಗೆ ಬರೆದಿದೆ ತೋರಿಸು. ಇಲ್ಲವಾದರೆ ನಾನು ಮೇಲಕ್ಕೆ ಹೋಗುತ್ತೇನೆ. ನಿನ್ನ ಮೇಲೂ ಒಬ್ಬ ಇದ್ದಾನೆ, ಅವನಿಗೂ ಒಂದು ಕುರ್ಚಿ ಇದೆ.

ಅರ್ಜಿದಾರಳು


ಏಪ್ರಿಲ್ 30

ಅರ್ಜಿದಾರರಿಗೆ,

ತಮ್ಮ ಪತ್ರವನ್ನು ಪರಿಶೀಲಿಸಿ, ಕೋರಿದ ಪುಟದ ದೃಢೀಕೃತ ನಕಲನ್ನು (ಒಂದು ಹಾಳೆ) ಇದರೊಂದಿಗೆ ಲಗತ್ತಿಸಿದೆ. ಇಲ್ಲಿಗೆ ಅರ್ಜಿ ವಿಲೇವಾರಿಯಾಗಿದೆ.

ಮಾಹಿತಿ ಅಧಿಕಾರಿ


ಮೇ 3

ಸಾಹೇಬರೇ,

ವಿಲೇವಾರಿ ಅಂತ ಎಷ್ಟು ಸುಲಭವಾಗಿ ಬರೆದುಬಿಟ್ಟೆ.

ನೀನು ಕಳಿಸಿದ ಹಾಳೆಯಲ್ಲಿ ಹೀಗಿದೆ: 'ಬೆಳಿಗ್ಗೆ 6.10. ಟ್ಯಾಂಕ್ ತೊಳೆಯುವ ಸಲುವಾಗಿ 1ನೇ ವಾಲ್ವ್ ಮುಚ್ಚಲಾಯಿತು. 2ನೇ ವಾಲ್ವ್ ತೆರೆಯಲಾಯಿತು.' ಒಂದು ಅಂದರೆ ಟ್ಯಾಂಕಿನ ಕೆಸರನ್ನು ಕಾಲುವೆಗೆ ಬಿಡುವುದು, ಎರಡು ಅಂದರೆ ಕೆಳಬೀದಿಗೆ ನೀರು ಬಿಡುವುದು. ತೊಳೆಯುವ ದಿನ ಎರಡನ್ನು ಮುಚ್ಚಿ ಒಂದನ್ನು ತೆರೆಯಬೇಕು. ಈ ಹಾಳೆಯ ಪ್ರಕಾರ ಅಪ್ಪ ತಿರುಗಾಮುರುಗಾ ಮಾಡಿ, ಟ್ಯಾಂಕಿನ ತಳದ ಕೆಸರನ್ನೆಲ್ಲ ಕೆಳಬೀದಿಯ ಕೊಡಗಳಿಗೆ ತುಂಬಿಸಿದರು. ವಿಚಾರಣೆಯಲ್ಲಿ ಓದಿದ್ದೂ ಇದನ್ನೇ ತಾನೇ?

ನಾನು ದಿನಕ್ಕೆ ಎಂಟುನೂರು ಹಾಳೆ ನಕಲು ಮಾಡುವವಳು ಕಣೋ. ನನ್ನ ಕಣ್ಣಿಗೆ ಮಣ್ಣೆರಚಬೇಕಾದರೆ ಸ್ವಲ್ಪ ಶ್ರಮ ಪಡಬೇಕಾಗಿತ್ತು. ದಿನವಹಿಯ ಹಾಳೆಗೆ ಗೆರೆ ಇರುತ್ತದೆ, ಎಡಕ್ಕೆ ಹೊಲಿಗೆಯ ನೆರಳು ಬೀಳುತ್ತದೆ. ಇದು ಬಿಡಿ ಬಿಳಿಹಾಳೆ. 'ಮುಚ್ಚಲಾಯಿತು', 'ತೆರೆಯಲಾಯಿತು' ಬೇರೆ! ಅಪ್ಪ ತಮ್ಮ ಜನ್ಮದಲ್ಲಿ ಒಂದು 'ಲಾಯಿತು' ಬರೆದವರಲ್ಲ. ಅವರು ಮಾಡಿದ್ದನ್ನು ಮಾಡಿದೆ ಅನ್ನುತ್ತಾರೆ.

ಇನ್ನು ಈ ಅಕ್ಷರ. ಇದರಲ್ಲಿ 'ತ' ಬಂದಲ್ಲೆಲ್ಲ ಒಳಗಿನ ಸುರುಳಿ ಬಾಯಿ ಬಿಟ್ಟುಕೊಂಡಿದೆ. ಒಂದನೇ ತರಗತಿಯಲ್ಲಿ ನಿನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದವಳು ನಾನು. ಎಷ್ಟು ಸಲ ತಲೆಗೆ ಮೊಟಕಿದರೂ ನೀನು ಅದನ್ನು ಕೂಡಿಸುತ್ತಿರಲಿಲ್ಲ.

ಅಪ್ಪನನ್ನು ಮನೆಗೆ ಕಳಿಸಿದ ಹಾಳೆಯನ್ನು ಬರೆದವನು ನೀನು. ಆಗ ನೀನು ಅಲ್ಲಿ ಹಂಗಾಮಿ ಗುಮಾಸ್ತ. ಇದನ್ನು ಹನ್ನೊಂದು ವರ್ಷದಲ್ಲಿ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ.

ನನಗೆ ಮೂಲ ಪುಸ್ತಕ ಬೇಕು. ನಕಲು ಬೇಡ, ನಿನ್ನ ಕಚೇರಿಗೆ ಬಂದು ನೋಡುತ್ತೇನೆ. ಕಾಯ್ದೆಯಲ್ಲಿ ಅದಕ್ಕೂ ಅವಕಾಶ ಇದೆ, ಓದಿಕೊಂಡಿದ್ದೇನೆ.

ಅರ್ಜಿದಾರಳು


ಮೇ 21

ಅರ್ಜಿದಾರರಿಗೆ,

ಮೂಲ ದಿನವಹಿಯು ದಾಖಲೆ ಕೋಣೆಯಲ್ಲಿ ಹುಡುಕಲಾಗಿ ಲಭ್ಯವಾಗಿರುವುದಿಲ್ಲ.

ಮಾಹಿತಿ ಅಧಿಕಾರಿ

ಅಕ್ಕ,

ಇದು ಬೇರೆ ಹಾಳೆ, ಕಚೇರಿಯದಲ್ಲ. ಓದಿ ಹರಿದುಹಾಕು.

ನಿನಗೆ ಏನು ಬೇಕು? ನಾನೂ ಅಪ್ಪನ ಹಾಗೆ ಒಂದು ಚೀಲ ಹಿಡಿದುಕೊಂಡು ಆ ಗೇಟಿನಿಂದ ಹೊರಗೆ ಬರಬೇಕಾ? ಅದನ್ನು ನೋಡುವುದಕ್ಕೆ ಅಂಗಡಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೀಯಾ? ಹೇಳಿದ್ದನ್ನು ಬರಿ ಅಂದರು, ಬರೆದೆ. ಹಂಗಾಮಿ ಗುಮಾಸ್ತನಿಗೆ ಎದುರು ಮಾತಾಡುವ ಯೋಗ್ಯತೆ ಎಲ್ಲಿರುತ್ತದೆ? ನೀನು ಎಂದೂ ಯಾರ ಕೈಕೆಳಗೂ ದುಡಿದವಳಲ್ಲ. ಬಟನ್ ಒತ್ತಿದರೆ ಕೆಲಸವಾಗುತ್ತದೆ ನಿನಗೆ.

ಅಪ್ಪನ ಮೇಲೆ ಈಗ ಇಷ್ಟು ಅಕ್ಕರೆ ಉಕ್ಕುತ್ತಿದೆಯಲ್ಲ, ಆಗ ನೀನೇನು ಮಾಡಿದೆ? ಅವರನ್ನು ಅಂಗಡಿಯ ಮುಂಬಾಗಿಲಿನಿಂದ ಬರಬೇಡಿ, ಗಿರಾಕಿ ಬರುವುದಿಲ್ಲ ಅಂದವಳು ಯಾರು? ಹಿಂದಿನ ಗೋಡೆ ಒಡೆಸಿ ಬಾಗಿಲು ಇಡಿಸಿದವಳು ಯಾರು? ಅಪ್ಪ ಪಕ್ಕದ ಓಣಿ ಸುತ್ತಿ ಆ ಬಾಗಿಲಿಗೆ ಹೋಗುವುದನ್ನು ನನ್ನ ಮೇಜಿನಿಂದ ನಾನು ದಿನಾ ನೋಡಿದ್ದೇನೆ. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸುವ ಮೊದಲು ನೀನು ಅಲ್ಲಿಂದ ಕೆಳಗಿಳಿ.

ಇನ್ನು ಬರೆಯಬೇಡ.

ತಮ್ಮ


ಮೇ 25

ಮೇಲ್ಮನವಿ ಪ್ರಾಧಿಕಾರಕ್ಕೆ,
ಪ್ರತಿ: ಮಾಹಿತಿ ಅಧಿಕಾರಿ

ಮಾನ್ಯರೇ,

ಮೂಲ ದಿನವಹಿ ಸಿಗುತ್ತಿಲ್ಲ ಅಂತ ನಿಮ್ಮ ಮಾಹಿತಿ ಅಧಿಕಾರಿ ಬರೆದಿದ್ದಾರೆ. ಅದೇ ಅಧಿಕಾರಿ ಫೆಬ್ರವರಿಯಲ್ಲಿ ಸಹಿ ಮಾಡಿದ ಪಟ್ಟಿಯ ನಲವತ್ತೊಂದನೆಯ ಸಾಲು, ಷರಾ ಕಾಲಮಿನಲ್ಲಿ, 'ಸುಸ್ಥಿತಿಯಲ್ಲಿದೆ, ಮೂರನೇ ಕಪಾಟು, ಮೇಲಿನ ಅರೆ' ಅನ್ನುತ್ತದೆ. ಪಟ್ಟಿಯ ಪ್ರತಿ ಲಗತ್ತಿಸಿದ್ದೇನೆ. ಸಿಗದ ಪುಸ್ತಕವನ್ನು ಜೂನ್ ಮೂವತ್ತಕ್ಕೆ ಸುಡುವುದು ಹೇಗೆ ಅನ್ನುವುದನ್ನು ದಯವಿಟ್ಟು ತಿಳಿಸಿಕೊಡಿ. ಮನವಿ ತೀರ್ಮಾನವಾಗುವವರೆಗೆ ಆ ಪುಸ್ತಕಕ್ಕೆ ಯಾರೂ ಕಡ್ಡಿ ಗೀರಬಾರದೆಂದು ಆದೇಶ ಮಾಡಿ.

ಮೇಲ್ಮನವಿದಾರಳು

(ಪ್ರತಿಯ ಹಿಂಬದಿಯಲ್ಲಿ)
ನಿನ್ನ ಪತ್ರವನ್ನು ಹರಿದುಹಾಕಿಲ್ಲ. ಹಿಂಬಾಗಿಲಿನ ಮಾತು ನಿಜ. ಅದನ್ನು ಇಡಿಸಿದವಳು ನಾನೇ. ಬಡಗಿ ಚೌಕಟ್ಟು ಕೂರಿಸುವಾಗ ಅಪ್ಪ ಮೊಳೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದರು. ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ. ಅದಕ್ಕೇ ಪುಸ್ತಕ ಬೇಕು. ನನ್ನನ್ನು ಬೈದರೆ ನಾನು ಸುಮ್ಮನಾಗುತ್ತೇನೆ ಅಂದುಕೊಂಡಿದ್ದರೆ ನಿನಗೆ ನಿನ್ನ ಅಕ್ಕ ಗೊತ್ತಿಲ್ಲ.


ಜೂನ್ 16

ಅರ್ಜಿದಾರರಿಗೆ,

ಮೇಲ್ಮನವಿ ಪ್ರಾಧಿಕಾರದ ಮೌಖಿಕ ಸೂಚನೆಯಂತೆ ಮತ್ತೊಮ್ಮೆ ಹುಡುಕಲಾಗಿ, ಮೂಲ ದಿನವಹಿಯು ಲಭ್ಯವಾಗಿದೆ. ಜೂನ್ 19ರಂದು ಹನ್ನೊಂದರಿಂದ ಒಂದು ಗಂಟೆಯವರೆಗೆ ಬಂದು ಪರಿಶೀಲಿಸಬಹುದು. ಪೆನ್ನು ತರಕೂಡದು, ಪೆನ್ಸಿಲ್ ತರಬಹುದು.

ಮಾಹಿತಿ ಅಧಿಕಾರಿ


ಜೂನ್ 19

ತಮ್ಮಾ,

ಎರಡು ಗಂಟೆ ನೀನು ಎದುರು ಕುರ್ಚಿಯಲ್ಲಿ ಕೂತಿದ್ದೆ. ಕೂದಲು ಉದುರಿದೆ ನಿನಗೆ. ಪುಟ ತಿರುಗಿಸುವಾಗಲೆಲ್ಲ ನೀನು ನನ್ನ ಕೈಯನ್ನೇ ನೋಡುತ್ತಿದ್ದೆ. ಎಲ್ಲಿಗೆ ಬಂದು ನಿಲ್ಲುತ್ತೇನೆ ಅಂತ ನಿನಗೆ ಮೊದಲೇ ಗೊತ್ತಿತ್ತು.

ಅಪ್ಪನ ಅಕ್ಷರದಲ್ಲಿ, ಗೆರೆಯ ಮೇಲೆ, ಹೀಗಿತ್ತು: '6.10. ಅತ್ತೆ ಮುಚ್ಚಿದೆ. ಸೊಸೆ ಬಿಟ್ಟೆ. ಟ್ಯಾಂಕ್ ತೊಳೆದೆ.'

ನಂಬರೇ ಇಲ್ಲ. ಒಂದೂ ಇಲ್ಲ, ಎರಡೂ ಇಲ್ಲ. ಇಡೀ ಪುಸ್ತಕದಲ್ಲಿ ಅತ್ತೆ, ಸೊಸೆ ಅಷ್ಟೇ. ಊಟಕ್ಕೆ ಕೂತಾಗ ಅಪ್ಪ "ಇವತ್ತು ಸೊಸೆ ಹಟ ಮಾಡಿದ್ಲು" ಅಂತ ಶುರು ಮಾಡಿದರೆ ಅಮ್ಮ ಸೌಟು ಎತ್ತುತ್ತಿದ್ದದ್ದು ನನಗೆ ನೆನಪಾಯಿತು. ಆದರೆ ಯಾವುದು ಅತ್ತೆ, ಯಾವುದು ಸೊಸೆ ಅಂತ ನಾವಿಬ್ಬರೂ ಎಂದೂ ಕೇಳಿದವರಲ್ಲ.

ಹಿಂದಿನ ಪುಟಗಳನ್ನೂ ನೋಡಿದೆ. ಹದಿನೆಂಟು ದಿನ ಮೊದಲು: 'ಕೆಳಬೀದಿ ಪೈಪು ಮೋರಿಯೊಳಗೆ ಒಡೆದಿದೆ. ಇಂಜಿನಿಯರಿಗೆ ಹೇಳಿದೆ.' ಹನ್ನೊಂದು ದಿನ ಮೊದಲು: 'ಮತ್ತೆ ಹೇಳಿದೆ.' ನಾಲ್ಕು ದಿನ ಮೊದಲು: 'ಮೂರನೇ ಸಲ ಹೇಳಿದೆ. ಯಾರೂ ಬರಲಿಲ್ಲ.' ಮೋರಿಯ ನೀರು ನಲ್ಲಿಗಳಿಗೆ ನುಗ್ಗಿದ್ದು ಆ ಒಡಕಿನಿಂದ, ಆದರೆ ಇದು ಯಾವುದೂ ನಿನ್ನ ಬಿಳಿಹಾಳೆಯಲ್ಲಿ ಇರಲಿಲ್ಲ.

ಅಂಗಡಿಗೆ ಬಂದು ಅಪ್ಪನಿಗೆ ಏನೂ ಹೇಳದೆ ಸುಮ್ಮನೆ ಕೇಳಿದೆ. "ಅಪ್ಪ, ಪಂಪ್‌ಹೌಸಲ್ಲಿ ಅತ್ತೆ ಯಾವುದು, ಸೊಸೆ ಯಾವುದು?"

ಅಪ್ಪ ನಕ್ಕರು. ಅವರ ಹಲ್ಲು ನೋಡಿ ಎಷ್ಟು ವರ್ಷವಾಗಿತ್ತೋ. "ಸಣ್ಣದು ಅತ್ತೆ. ಕೆಳಬೀದಿದು. ಎರಡು ಬೆರಳಲ್ಲಿ ತಿರುಗೋಳು, ಆದ್ರೆ ಬೀದಿಗೆ ಬೀದಿನೇ ಅವಳ ಮಾತು ಕೇಳ್ಬೇಕು. ದೊಡ್ಡದು ಸೊಸೆ, ಕಾಲುವೆದು. ಮನೆ ಕೊಳೆಯೆಲ್ಲ ತೊಳೆದು ಹೊರಗೆ ಹಾಕೋರು ಯಾರು ಮತ್ತೆ? ನಿಮ್ಮಮ್ಮನ್ನ ಕೇಳು, ಹೇಳ್ತಾಳೆ" ಅಂದರು. ಆಮೇಲೆ ಅಮ್ಮ ಇಲ್ಲ ಅನ್ನುವುದು ನೆನಪಾಗಿ, ಎದ್ದು ಕಾಗದದ ಬಂಡಲುಗಳನ್ನು ಜೋಡಿಸತೊಡಗಿದರು.

ನೀನು ಅದನ್ನು ತಿರುಗಿಸಿ ಬರೆದೆ. ಅತ್ತೆಗೆ ಒಂದು ಹಾಕಿದೆ, ಸೊಸೆಗೆ ಎರಡು ಹಾಕಿದೆ. ಅಪ್ಪ ಸರಿಯಾಗಿ ಮಾಡಿದ್ದು ನಿನ್ನ ಹಾಳೆಯಲ್ಲಿ ತಪ್ಪಾಯಿತು. ವಿಚಾರಣೆಯಲ್ಲಿ ಅವರಿಗೆ ಹಾಳೆಯನ್ನು ತೋರಿಸಲೇ ಇಲ್ಲವಂತೆ. "ನಿನ್ನ ಪುಸ್ತಕದಲ್ಲಿ ಇರೋದು ನಿಜ ತಾನೇ?" ಅಂತ ಕೇಳಿದರಂತೆ. "ನಿಜ ಸ್ವಾಮಿ" ಅಂದರಂತೆ. ಅಷ್ಟೇ ವಿಚಾರಣೆ. ಆದೇಶ ಕೈಗೆ ಬಂದಾಗ ವಾಲ್ವ್ ಅದಲುಬದಲಾಗಿದೆ ಅಂತ ಓದಿ, ತಮ್ಮ ಕೈಯೇ ಅಂದು ತಪ್ಪಿರಬೇಕು ಅಂದುಕೊಂಡರು. ಹನ್ನೊಂದು ವರ್ಷ ಹಾಗೇ ಅಂದುಕೊಂಡಿದ್ದಾರೆ.

ಪೆನ್ಸಿಲಿನಲ್ಲಿ ಬರೆದುಕೊಂಡು ಬಂದದ್ದನ್ನು ಅವರಿಗೆ ಓದಿ ಹೇಳಿದೆ. ಮೂರು ಸಲ ಓದಿಸಿದರು. "ಹಾಗಾದ್ರೆ ನಾನು ಸರಿಯಾಗೇ ಮಾಡಿದ್ನಾ?" ಅಂದರು. ಹೌದು ಅಂದೆ. "ನೋಡಿ ಹೇಳು, ಸರಿಯಾಗಿ ನೋಡಿ ಹೇಳು" ಅಂದರು.

ಈಗ ನೀನು ಹೇಳು. ಬೇಕಂತಲೇ ಬರೆದೆಯಾ, ಇಲ್ಲ ಬುದ್ಧಿಯಿಲ್ಲದೆ ಬರೆದೆಯಾ? ಯಾವುದಾದರೂ ನನಗೆ ಒಂದೇ. ಆದರೆ ನಿನ್ನ ಬಾಯಿಂದ ಬರಬೇಕು.

ಅಕ್ಕ


ಜೂನ್ 23

ಅಕ್ಕ,

ಬುದ್ಧಿಯಿಲ್ಲದೆ ಬರೆದೆ. ಇದನ್ನು ನಂಬು ಅಂತ ಕೇಳುವ ಮುಖ ನನಗಿಲ್ಲ, ಆದರೂ ಅದೇ ನಿಜ.

ಅತ್ತೆ, ಸೊಸೆ ಅಂದರೆ ಆ ಕಚೇರಿಯಲ್ಲಿ ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. ಇಂಜಿನಿಯರು ನನ್ನನ್ನು ಕರೆಸಿದರು. "ನಿಮ್ಮಪ್ಪನ ಭಾಷೆ ನಿನಗೇ ತಾನೇ ಗೊತ್ತಿರೋದು? ನಂಬರ್ ಹಾಕಿ ಚೆನ್ನಾಗಿ ಬರಿ. ವಾಲ್ವ್ ಸಾಲು ಮಾತ್ರ ಸಾಕು, ಬೇರೆ ಪುರಾಣ ಬೇಡ" ಅಂದರು. ಒಡೆದ ಪೈಪಿನ ಸಾಲುಗಳನ್ನು ನಾನು ಓದಿದ್ದೆ. ಬೇಡ ಅಂದರಲ್ಲ ಅಂತ ಬಿಟ್ಟೆ.

ಅತ್ತೆ ಅಂದರೆ ನನಗೆ ದೊಡ್ಡದೇ. ನಮ್ಮ ಅಜ್ಜಿಯನ್ನು ನೋಡಿದ್ದೀಯಲ್ಲ, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಅಮ್ಮ ಅವಳ ಪಕ್ಕದಲ್ಲಿ ಕಡ್ಡಿಯ ಹಾಗಿದ್ದಳು. ದೊಡ್ಡ ವಾಲ್ವ್ ಅತ್ತೆ, ಸಣ್ಣದು ಸೊಸೆ ಅಂತ ಎರಡು ಸಲ ಯೋಚನೆ ಕೂಡ ಮಾಡದೆ ಬರೆದುಬಿಟ್ಟೆ. ಅಪ್ಪನನ್ನು ಒಂದು ಮಾತು ಕೇಳಬಹುದಾಗಿತ್ತು. ವಿಚಾರಣೆ ಮುಗಿಯುವವರೆಗೆ ಅವರ ಜೊತೆ ಮಾತಾಡಕೂಡದು ಅಂದಿದ್ದರು. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಊರೆಲ್ಲ ಉಗಿಯುತ್ತಿದ್ದ ಮನುಷ್ಯನ ಪಕ್ಕ ನಿಲ್ಲುವುದಕ್ಕೆ ನಾಚಿಕೆಯಾಗುತ್ತಿತ್ತು ನನಗೆ.

ಆಮೇಲೆ ಒಂದು ದಿನ ಪಂಪ್‌ಹೌಸಿಗೆ ಹೋಗಬೇಕಾಗಿ ಬಂತು. ಅಪ್ಪನ ಜೊತೆಗಾರರ ಹತ್ತಿರ ಕೆಲಸ ಕಲಿತ ಹೊಸ ನೌಕರ ದೊಡ್ಡ ವಾಲ್ವ್ ತೋರಿಸಿ "ಸೊಸೆ ಜಾಮ್ ಆಗಿದಾಳೆ ಸಾರ್, ಇಬ್ರು ಹಿಡೀಬೇಕು" ಅಂದ. ದೊಡ್ಡದೇ ಸೊಸೆ ಅಂತ ನನಗೆ ಆಗ ಗೊತ್ತಾಯಿತು. ವಾಪಸ್ ಬಂದು ಯಾರಿಗೂ ಹೇಳಲಿಲ್ಲ. ಕೆಲಸ ಕಾಯಂ ಆಗಿ ಹದಿನಾರು ದಿನವಾಗಿತ್ತು. ನಾಳೆ ಹೇಳೋಣ ಅಂದುಕೊಂಡೆ.

ನಲವತ್ತೊಂದನೆಯ ಸಾಲನ್ನು ಪಟ್ಟಿಯಿಂದ ತೆಗೆಸಿದ್ದೇನೆ. ನಕಲು ತಪ್ಪಾಗಿದೆ, ತಪ್ಪು ನನ್ನದು ಅಂತ ಬರೆದು ಮೇಲಕ್ಕೆ ಕಳಿಸಿದ್ದೇನೆ. ಆ ಇಂಜಿನಿಯರು ನಿವೃತ್ತರಾಗಿ ಹೋಗಿಯಾಯಿತು, ನನಗೇನಾಗುತ್ತದೋ ಆಗಲಿ. ಇದನ್ನು ಅಪ್ಪನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದು.

ತಮ್ಮ


ಜೂನ್ 28

ಮಾಹಿತಿ ಕೊಡುವ ಸಾಹೇಬರಿಗೆ,

ಪಂಪ್‌ಹೌಸಿನ ಹಳೇ ನೌಕರ ಬರೆಯುವ ಅರ್ಜಿ.

ನಿನ್ನ ಕಾಗದವನ್ನು ಮಗಳು ಓದಿ ಹೇಳಿದಳು. ನೀನು ತಪ್ಪು ಬರೆದದ್ದು ಹೋಗಲಿ. ನಮ್ಮಮ್ಮ ದಪ್ಪಗಿದ್ದದ್ದು ನಿಜ. ನಂಬರ್ ಹಾಕದೆ ಬರೆದದ್ದು ನನ್ನದೂ ತಪ್ಪು. ಪುಸ್ತಕ ಬೇರೆಯವರೂ ಓದುತ್ತಾರೆ ಅಂತ ನನಗೆ ಹೊಳೆಯಲಿಲ್ಲ.

ಆದರೆ ನೀನು 'ಆಮೇಲೆ ಒಂದು ದಿನ' ಅಂತ ಬರೆದಿದ್ದೀಯ. ನಾನು ಮೂವತ್ತೊಂದು ವರ್ಷ ದಿನವಹಿ ಬರೆದವನು. ಒಂದು ಸಲವೂ 'ಒಂದು ದಿನ' ಅಂತ ಬರೆದಿಲ್ಲ. ತಾರೀಕು ಹಾಕಬೇಕು.

ಯಾಕೆ ಕೇಳುತ್ತೇನೆ ಅಂದರೆ, ಆ ಸಂಗತಿಯಾದ ಮೇಲೆ ನಿಮ್ಮಮ್ಮ ನನ್ನ ಕೈಯ ನೀರು ಮುಟ್ಟಲಿಲ್ಲ. ಬೈಯಲಿಲ್ಲ, ಜಗಳ ಮಾಡಲಿಲ್ಲ. ನಾನು ಲೋಟ ಹಿಡಿದರೆ ಗೋಡೆ ಕಡೆ ತಿರುಗುತ್ತಿದ್ದಳು. ಕೊನೆಗೆ ನಾಲ್ಕು ತಿಂಗಳು ಹಾಸಿಗೆ ಹಿಡಿದಾಗ ಎದ್ದು ಕುಡಿಯುವ ಶಕ್ತಿ ಅವಳಿಗೆ ಇರಲಿಲ್ಲ. ನಾನು ಪಕ್ಕದಲ್ಲೇ ಇರುತ್ತಿದ್ದೆ. ಬಾಯಿ ಒಣಗಿ ತುಟಿ ಬಿರಿದರೂ ಮಗಳು ಅಂಗಡಿ ಮುಚ್ಚಿ ಬರುವವರೆಗೆ ಕಾಯುತ್ತಿದ್ದಳು. ಆ ಸತ್ತ ಮಗುವಿನ ತಾಯಿ ನಿಮ್ಮಮ್ಮನ ಗೆಳತಿ. ನಾನು ಅದನ್ನು ತಪ್ಪು ಅನ್ನಲಿಲ್ಲ. ನಾನು ಮಾಡಿದ ಕೆಲಸಕ್ಕೆ ಇದು ಸರಿ ಅಂದುಕೊಂಡೆ.

ನನ್ನ ಪ್ರಶ್ನೆ ಒಂದೇ. ನಿನಗೆ ಗೊತ್ತಾದ ದಿನ ನಿಮ್ಮಮ್ಮ ಇದ್ದಳೋ ಇಲ್ಲವೋ.

ನಕಲು ಬೇಡ. ಉತ್ತರ ಮಾತ್ರ ಸಾಕು.

ಪಂಪ್‌ಹೌಸ್ ನೌಕರ


ಜುಲೈ 1

ಅರ್ಜಿದಾರರಿಗೆ,

ತಮ್ಮ ಅರ್ಜಿಯಲ್ಲಿ ಕೋರಿದ ಮಾಹಿತಿ ಹೀಗಿದೆ.

ಇದ್ದಳು.

ನನಗೆ ಗೊತ್ತಾದ ದಿನ ಫೆಬ್ರವರಿ 11. ಅಮ್ಮ ತೀರಿಕೊಂಡದ್ದು ಅದೇ ವರ್ಷದ ಸೆಪ್ಟೆಂಬರ್ 14. ನಡುವೆ ಇನ್ನೂರ ಹದಿನೈದು ದಿನ. ಅಷ್ಟರಲ್ಲಿ ನಾನು ಮನೆಗೆ ಹನ್ನೊಂದು ಸಲ ಬಂದಿದ್ದೇನೆ. ಎರಡು ಸಲ ಅವಳಿಗೆ ನಾನೇ ನೀರು ಕುಡಿಸಿದ್ದೇನೆ. ಆಗ ನೀವು ಬಾಗಿಲ ಹತ್ತಿರ ನಿಂತಿದ್ದಿರಿ.

ಮಾಹಿತಿ ಅಧಿಕಾರಿ,
ನಿಮ್ಮ ಮಗ


ಜುಲೈ 9

ತಮ್ಮಾ,

ನಿಮ್ಮ ಕಚೇರಿಯ ತಿದ್ದುಪಡಿ ಆದೇಶ, ದಿನವಹಿಯ ಪುಟಗಳ ನಕಲಿನ ಜೊತೆ ಬಂತು. 'ಸದರಿ ನೌಕರರ ಕರ್ತವ್ಯದಲ್ಲಿ ಯಾವುದೇ ಲೋಪ ಕಂಡುಬಂದಿರುವುದಿಲ್ಲ.' ಹನ್ನೊಂದು ವರ್ಷಕ್ಕೆ ಒಂದೇ ಸಾಲು. ಅದನ್ನೂ ಅಪ್ಪನ ದಿನವಹಿಯ ಪುಟಗಳನ್ನೂ ಇನ್ನೂರು ಪ್ರತಿ ಮಾಡಿ ಕೆಳಬೀದಿಯಲ್ಲಿ ಮನೆಮನೆಗೆ ನಾನೇ ಹಂಚಿದೆ. ಅತ್ತೆ ಯಾವುದು ಸೊಸೆ ಯಾವುದು ಅಂತ ಕೆಳಗೆ ಬರೆದಿದ್ದೆ. ಕೆಲವರು ಓದಿದರು, ಕೆಲವರು ನನ್ನ ಮುಂದೆಯೇ ಮಡಚಿ ಕಿಟಕಿಗೆ ಸಿಕ್ಕಿಸಿದರು. ಒಬ್ಬ "ಈಗ್ ಹೇಳ್ತಿದೀರಲ್ಲಮ್ಮ" ಅಂತ ಬಾಗಿಲು ಹಾಕಿಕೊಂಡ.

ಆ ಮಗುವಿನ ತಾಯಿ ಹೊಸಿಲ ಮೇಲೆ ನಿಂತು ಹಾಳೆಗಳನ್ನೆಲ್ಲ ಪೂರ್ತಿ ಓದಿದಳು. "ಹಾಗಾದ್ರೆ ಯಾರು?" ಅಂದಳು. ಒಡೆದ ಪೈಪಿನ ಸಾಲು ತೋರಿಸಿದೆ. ಮರುದಿನ ಅಂಗಡಿಗೆ ಬಂದು, ಮೂರು ಸಲ ಹೇಳಿದ ಮಾತನ್ನು ಕೇಳಿಯೂ ಸುಮ್ಮನಿದ್ದವರ ಹೆಸರು ಬೇಕು, ಅರ್ಜಿ ಬರೆದುಕೊಡು ಅಂದಳು. ಬರೆದುಕೊಟ್ಟಿದ್ದೇನೆ. ನಾಳೆ ನಿನ್ನ ಮೇಜಿಗೆ ಬರುತ್ತದೆ. ಅದಕ್ಕೆ ಮೂವತ್ತು ದಿನ ತೆಗೆದುಕೊಳ್ಳಬೇಡ. ಆ ಸಾಲುಗಳನ್ನು ಓದಿಯೂ ಬಿಟ್ಟವನ ಹೆಸರನ್ನೂ ಅದರಲ್ಲಿ ಬರೆ.

ನಿನ್ನ ಉತ್ತರವನ್ನು ಅಪ್ಪ ತಾವೇ ಓದಿಕೊಂಡರು. ನಾನು ಓದುತ್ತೇನೆ ಅಂದರೂ ಕೊಡಲಿಲ್ಲ. ಕೂಗಾಡಲಿಲ್ಲ. ನಿನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸಾಯಂಕಾಲ ಹಳೆಯ ಜೊತೆಗಾರರು ನಾಲ್ಕು ಜನ ಬಂದರು, ಮುಂಬಾಗಿಲಿನಿಂದಲೇ ಬಂದರು. ಒಬ್ಬರು ಅಪ್ಪನ ಕೈ ಹಿಡಿದುಕೊಂಡು ಅತ್ತರು. "ಊರಿಗೆಲ್ಲ ಗೊತ್ತಾಯ್ತು, ಇನ್ನು ತಲೆ ಎತ್ಕೊಂಡು ಓಡಾಡು" ಅಂದರು. ಅಪ್ಪ ತಲೆ ಆಡಿಸಿದರು.

ಅವರೆಲ್ಲ ಹೋದ ಮೇಲೆ ಲೋಟಗಳನ್ನು ಒಳಗೆ ತೆಗೆದುಕೊಂಡು ಹೋಗುತ್ತಿದ್ದೆ. ಅಪ್ಪ ಕರೆದರು. "ಊರಿಗೆ ಗೊತ್ತಾಯ್ತು, ಸರಿ. ನಿಮ್ಮಮ್ಮಂಗೆ ಯಾರು ಹೇಳ್ತಾರೆ?" ಅಂದರು.

ಬಂದು ಅಪ್ಪನನ್ನು ನೋಡಬೇಕು ಅಂತ ಗುಮಾಸ್ತನ ಕೈಲಿ ಹೇಳಿ ಕಳಿಸಿದ್ದೀಯ. ಅಪ್ಪ ಕೇಳಿದ್ದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ಬಾ, ಇಲ್ಲವಾದರೆ ಬರಬೇಡ.

ಅಕ್ಕ